'ಚಿರಸ್ಮರಣೆ'ಯ ಮಾಸ್ತರರು

ನಿರಂಜನರ 'ಚಿರಸ್ಮರಣೆ' ಕಾದಂಬರಿ ಪ್ರಕಟವಾದುದು 1955ರಲ್ಲಿ. ಮರುವರ್ಷ, 1956ರ ನವೆಂಬರ್ 1ರಂದು, ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳವನ್ನು ಸೇರಿತು. ಆದುದರಿಂದ ನಮ್ಮವರು ಈ ಕೃತಿಯನ್ನು ಸಾಮಾನ್ಯವಾಗಿ 'ನಮ್ಮ ನೆಲದ ಕಥೆ' ಎಂಬ ಅಭಿಮಾನದಿಂದ ಓದುತ್ತಾರೆ. ಅಭಿಮಾನ ಸಹಜವೇ. ಆದರೆ ಉಪಾಧ್ಯಾಯರಾದ ನಮಗೆ ಇದನ್ನು ಓದಲು ಬೇರೊಂದು ಕಾರಣವಿದೆ. ಕಥೆಯ ನಡುವೆ ನಿಂತವರು ಒಬ್ಬ ಶಾಲಾ ಮಾಸ್ತರರು.

ಕಯ್ಯೂರು ತೇಜಸ್ವಿನಿ ಹೊಳೆಯ ದಡದ ಹಳ್ಳಿ. ಜನ್ಮಿಗಳು ಗೇಣಿಯ ಮೇಲೆ ಬಗೆಬಗೆಯ ಕಾಣಿಕೆಗಳನ್ನು ಕಸಿಯುತ್ತಿದ್ದ ಕಾಲದಲ್ಲಿ ಅಲ್ಲಿನ ಒಕ್ಕಲುಗಳು ರೈತಸಂಘವನ್ನು ಕಟ್ಟಿದರು. 1941ರ ಮಾರ್ಚ್ 28ರಂದು ಅವರ ಪ್ರತಿಭಟನೆಯ ಮೆರವಣಿಗೆಗೆ ಎದುರಾದ ಸುಬ್ಬರಾಯನ್ ಎಂಬ ಪೊಲೀಸ್ ಪೇದೆ ಹೊಳೆಯ ಪಾಲಾದನು. 1943ರ ಮಾರ್ಚ್ 29ರಂದು ಅಪ್ಪು, ಚಿರುಕಂಡನ್, ಕುಞಂಬು ನಾಯರ್, ಅಬೂಬಕ್ಕರ್ ಎಂಬ ನಾಲ್ವರನ್ನು ಕಣ್ಣಾನೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ನೀಲೇಶ್ವರದಲ್ಲಿ ವಿದ್ಯಾರ್ಥಿಯಾಗಿದ್ದ ಲೇಖಕರಿಗೆ ಆ ಊರುಕೇರಿಗಳೂ ಆ ಜನರ ಮಾತುಕತೆಯೂ ಪರಿಚಿತವಾಗಿದ್ದುವು.

ಗಲ್ಲಿನ ಕಥೆಗೆ ಕಣ್ಣೀರು ತಾನಾಗಿ ಒದಗುತ್ತದೆ. ಲೇಖಕನ ಶಕ್ತಿಯನ್ನು ಅಳೆಯಬೇಕಾದುದು ಅಲ್ಲಲ್ಲ, ಅದಕ್ಕೂ ಮೊದಲಿನ ಪುಟಗಳಲ್ಲಿ. ಸಂಘದ ಸಭೆಯಷ್ಟು ನೀರಸವಾದ ವಸ್ತು ಕಥೆಗಾರನಿಗೆ ಇನ್ನೊಂದಿಲ್ಲ. ವಂತಿಗೆ, ರಸೀದಿ, ನಡವಳಿ ಪುಸ್ತಕ, ಠರಾವು, ಕೊನೆಗೆ ವಂದನಾರ್ಪಣೆ! ಉಪಾಧ್ಯಾಯರ ಸಂಘದ ಸಭೆಗಳಲ್ಲಿ ವರ್ಷಗಟ್ಟಲೆ ಕುಳಿತ ನಮಗೆ ಇದರ ಅನುಭವ ಸಾಕಷ್ಟಿದೆ. ನಾವು ಮೊದಲ ಸಲ ಎದ್ದು ಮಾತನಾಡಿದ ದಿನ ಬಾಯೊಣಗಿ, ಹೇಳಬೇಕೆಂದಿದ್ದ ಎರಡು ವಾಕ್ಯಗಳಲ್ಲಿ ಒಂದನ್ನು ನುಂಗಿಕೊಂಡು ಕುಳಿತೆವು. ತಲೆತಲಾಂತರದಿಂದ ಧಣಿಯ ಅಂಗಳದಲ್ಲಿ ಬೆನ್ನು ಬಾಗಿಸಿ ನಿಂತ ಒಕ್ಕಲಿಗನಿಗೆ ಸಭೆಯಲ್ಲಿ ಬಾಯಿ ತೆರೆಯುವುದು ಇನ್ನೆಷ್ಟು ಕಷ್ಟವಾಗಿದ್ದೀತು! ಮಾಸ್ತರರ ಕೈಯಲ್ಲಿ ಬೆಳೆದ ಅಪ್ಪು ಮತ್ತು ಚಿರುಕಂಡ ಎಂಬಿಬ್ಬರು ಹುಡುಗರು ಸಂಘದ ಕಾರ್ಯಕರ್ತರಾಗುವ ಬಗೆಯನ್ನು ನಿರಂಜನರು ಆತುರವಿಲ್ಲದೆ ಚಿತ್ರಿಸಿದ್ದಾರೆ. ಓದು ಕಲಿಯುವುದೂ ಸಂಘಕ್ಕೆ ಸೇರುವುದೂ ಅಲ್ಲಿ ಎರಡು ಬೇರೆ ಕೆಲಸಗಳಲ್ಲ. ಕನ್ನಡದ ಪ್ರಗತಿಶೀಲ ಕಾದಂಬರಿಗಳಲ್ಲಿ ಸಭೆಯೆಂದರೆ ಬಹುಮಟ್ಟಿಗೆ ನಾಯಕನ ಭಾಷಣಕ್ಕೊಂದು ವೇದಿಕೆ. ಇಲ್ಲಿ ಅದು ಪಾಠಶಾಲೆಯೂ ಹೌದು.

ಭಾಷೆಯ ವಿಚಾರದಲ್ಲಿ ಮಾತ್ರ ನಮಗೆ ಪೂರ್ಣ ತೃಪ್ತಿಯಿಲ್ಲ. ಕಯ್ಯೂರಿನ ರೈತರು ಸಭೆ ನಡೆಸಿದ್ದು ಮಲಯಾಳದಲ್ಲಿ. ಕಾದಂಬರಿಯಲ್ಲಿ ಅವರು ಕನ್ನಡವನ್ನಾಡುತ್ತಾರೆ; ಅದೂ ಅನೇಕ ಕಡೆ ತಿದ್ದಿ ತೀಡಿದ ಗ್ರಂಥಸ್ಥ ಕನ್ನಡವನ್ನು. ಆಡುವವನ ತಡವರಿಕೆ ಆ ನಯವಾದ ವಾಕ್ಯಗಳೊಳಗೆ ಮುಚ್ಚಿಹೋಗುತ್ತದೆ. ಸಂಘದ ಸುತ್ತೋಲೆ ಮಲಯಾಳದಲ್ಲಿ ಬಂದಾಗ ಹಿಂದಿನ ಸಾಲಿನಲ್ಲಿ ಕುಳಿತು ಒಬ್ಬರಿಗೊಬ್ಬರು ಅರ್ಥ ಹೇಳಿಕೊಳ್ಳುವ ಕನ್ನಡ ಉಪಾಧ್ಯಾಯರಿಗೆ ಈ ಕೊರತೆ ಬೇಗನೆ ಕಣ್ಣಿಗೆ ಬೀಳುತ್ತದೆ. ಆದರೂ ಗಡಿಯಾಚೆ ಈಚೆಗಳ ವಾದ ಬಿಸಿಯೇರಿದ್ದ ದಿನಗಳಲ್ಲಿ ಮಲಯಾಳಿ ರೈತನ ದುಃಖವನ್ನು ತನ್ನದೆಂದು ಬಗೆದು ಬರೆದ ಕನ್ನಡ ಲೇಖಕನ ಹೃದಯ ದೊಡ್ಡದು. ಮುಂದೆ ಸಿ. ರಾಘವನ್ ಅವರ ಅನುವಾದದ ಮೂಲಕ ಅಪ್ಪು, ಚಿರುಕಂಡರು ತಮ್ಮ ತಾಯ್ನುಡಿಗೆ ಮರಳಿದರು.

ಇನ್ನು ಮಾಸ್ತರರ ಮಾತು. ಅವರು ವಿವೇಕಿಗಳು, ನಿಃಸ್ವಾರ್ಥಿಗಳು. ಎಡವಿದ್ದು ಬಲು ಕಡಿಮೆ. ಇದು ಆದರ್ಶವೆಂದು ಕೆಲವರು ಮೆಚ್ಚಬಹುದು. ನಮಗೆ ಇದೇ ಪಾತ್ರದ ದೌರ್ಬಲ್ಯವೆಂದು ತೋರುತ್ತದೆ. ಗಲ್ಲಿಗೇರಿದ ನಾಲ್ವರಲ್ಲಿ ಮಾಸ್ತರರಿಲ್ಲ, ಅವರ ಶಿಷ್ಯರಿದ್ದಾರೆ. ತಾನು ಅಕ್ಷರ ತಿದ್ದಿಸಿದ ಹುಡುಗ ನೇಣಿಗೆ ಹೋದಾಗ ಗುರುವಿನ ಮನಸ್ಸು ಏನಾದೀತು? 'ನಾನು ಕಲಿಸಿದುದು ಸರಿ' ಎಂಬ ನಂಬಿಕೆ ಒಂದು ಕಡೆ, 'ಕಲಿಸದಿದ್ದರೆ ಬದುಕಿರುತ್ತಿದ್ದ' ಎಂಬ ಸಂಕಟ ಇನ್ನೊಂದು ಕಡೆ. ಕಾದಂಬರಿಯ ಅತ್ಯಂತ ಆಳವಾದ ಪ್ರಶ್ನೆ ಇದು. ಇದಕ್ಕೆ ಲೇಖಕರು ಕೊಟ್ಟ ಸ್ಥಳ ಸಾಲದು. ಹುತಾತ್ಮರ ಕೀರ್ತಿ ಅದನ್ನು ಬದಿಗೆ ಸರಿಸಿಬಿಟ್ಟಿದೆ.

ಇದು ಹಳೆಯ ಕಾಲದ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿಪದ್ಧತಿಯೇ ರದ್ದಾಯಿತು. ಜನ್ಮಿಯ ಅಂಗಳ ಈಗಿಲ್ಲ. ಆದರೆ ಪಂಚಾಯತು ಚುನಾವಣೆ ಬಂದಾಗ ಮನೆಮನೆಗೆ ಚೀಟಿ ಹಂಚುವ ತರುಣರಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳು ಇದ್ದೇ ಇರುತ್ತಾರೆ, ಎರಡೂ ಪಕ್ಷಗಳಲ್ಲಿ. ಅವರು ಬೀದಿಯಲ್ಲಿ ಎದುರುಬದುರಾಗಿ ನಿಂತಾಗ ನಾವು ಯಾರ ಹೆಸರು ಹಿಡಿದು ಕರೆಯಬೇಕು?

ಕಳೆದ ವರ್ಷ ಏಳನೆಯ ತರಗತಿಯ ಮಕ್ಕಳಿಗೆ ಈ ಕಥೆಯನ್ನು ನಾಲ್ಕು ದಿನ ಹೇಳಿದೆವು. ನಾಲ್ವರ ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆದು ಮುಗಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಾಷ್ಟ್ರೇ, ಆ ಪೊಲೀಸನ ಹೆಸರು ಬರೆಯುವುದಿಲ್ಲವೇ?" ಎಂದು ಕೇಳಿದಳು. ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಸ್ವಲ್ಪ ಕೆಳಗೆ, ಬೇರೆ ಸಾಲಿನಲ್ಲಿ, ಸುಬ್ಬರಾಯನ್ ಎಂದು ಬರೆದೆವು. ಅಷ್ಟರಲ್ಲಿ ಗಂಟೆ ಬಾರಿಸಿತು.