ಅಲುಗಾಡದ ಚುಕ್ಕೆ

ಎದುರಾಬದುರಾದರೆ ಇಬ್ಬರೂ ಬಲಕ್ಕೆ. ಅಡ್ಡ ಬಂದರೆ ಬಲಗಡೆಯವನಿಗೆ ದಾರಿ. ಇಳಿಯುವವರಲ್ಲಿ ಕೆಳಗಿದ್ದವನು ಮೊದಲು. ಆಕಾಶದ ರಸ್ತೆ ನಿಯಮಗಳು ಇವು. ಆದರೆ ನಿಯಮ ಪಾಲಿಸಬೇಕಾದರೆ ಮೊದಲು ಎದುರಿನವನು ಕಣ್ಣಿಗೆ ಬೀಳಬೇಕಲ್ಲ, ನನ್ನ ತಕರಾರು ಅಲ್ಲಿದೆ.

2023ರ ಮೇ 30ರಂದು ಸಾಂಬ್ರಾ ವಿಮಾನ ನಿಲ್ದಾಣದ ತರಬೇತಿ ವಿಮಾನವೊಂದು ಹೊನ್ನಿಹಾಳದ ಹೊಲಕ್ಕಿಳಿದಾಗಿನಿಂದ ಗೋಕಾಕ, ಹುಕ್ಕೇರಿಯ ಚಹಾದಂಗಡಿಗಳಲ್ಲಿ ಎಂಜಿನ್ ಕೆಟ್ಟರೆ ಹೇಗೆ ಎನ್ನುವುದೇ ಮಾತು. ಎಂಜಿನ್ ನಿಂತರೂ ವಿಮಾನ ತೇಲುತ್ತ ಬಂದು ಹೊಲ ಹಿಡಿಯುತ್ತದೆ. ಅವತ್ತು ಒಳಗಿದ್ದ ಇಬ್ಬರೂ ಬದುಕಿದರು. ರೆಕ್ಕೆಗೆ ರೆಕ್ಕೆ ತಾಗಿದರೆ ತೇಲುವ ಮಾತೇ ಇಲ್ಲ.

ಕಬ್ಬಿನ ಹಂಗಾಮಿನಲ್ಲಿ ಮೂಡಲಗಿಯ ಗುರ್ಲಾಪುರ ಕ್ರಾಸಿಗೆ ಜೀಪಿನಲ್ಲಿ ಬನ್ನಿ. ಅಡ್ಡರಸ್ತೆಯ ಟ್ರ್ಯಾಕ್ಟರ್ ನಿಮ್ಮ ಗಾಜಿನಲ್ಲಿ ಹಿಂದೆ ಸರಿಯುತ್ತಿದ್ದರೆ ನೀವು ಮೊದಲು ದಾಟುತ್ತೀರಿ. ಮುಂದೆ ಸರಿಯುತ್ತಿದ್ದರೆ ಅದು. ಇದ್ದಲ್ಲೇ ಇದ್ದರೆ ಇಬ್ಬರೂ ಒಟ್ಟಿಗೇ ಕ್ರಾಸ್ ಮುಟ್ಟುತ್ತೀರಿ. ಗಾಜಿನ ಪಕ್ಕದ ಕಂಬದ ಹಿಂದೆ ಅದು ಸಿಕ್ಕಿಕೊಂಡರಂತೂ ಕೊನೆಯವರೆಗೂ ಕಾಣುವುದಿಲ್ಲ. ಆಕಾಶದಲ್ಲೂ ಲೆಕ್ಕ ಇದೇ. ಸರಿದಾಡುವ ವಿಮಾನವನ್ನು ಕಣ್ಣು ತಾನಾಗಿ ಹಿಡಿಯುತ್ತದೆ. ಡಿಕ್ಕಿ ಹೊಡೆಯಲಿರುವುದು ಗಾಜಿನ ಮೇಲಿನ ಕೊಳೆಯ ಚುಕ್ಕೆಯ ಹಾಗೆ ಸುಮ್ಮನೆ ಕೂತಿರುತ್ತದೆ.

ಎರಡು ಸೆಸ್ನಾ 172ಗಳು ತಲಾ 100 ನಾಟ್ ವೇಗದಲ್ಲಿ ಎದುರಾದರೆ ನಡುವಿನ ದೂರ ಸೆಕೆಂಡಿಗೆ ನೂರು ಮೀಟರಿನಂತೆ ಕರಗುತ್ತದೆ. ಕಂಡು, ಗುರುತಿಸಿ, ವಿಮಾನ ಹೊರಳಿಸಲು ಅಮೆರಿಕದ ವಿಮಾನಯಾನ ಇಲಾಖೆ ಹಿಡಿದಿರುವ ಸಮಯ 12.5 ಸೆಕೆಂಡು, ಅಂದರೆ ಒಂದೂಕಾಲು ಕಿಲೋಮೀಟರ್. ಅಷ್ಟು ದೂರದಲ್ಲಿ 11 ಮೀಟರಿನ ರೆಕ್ಕೆ ಹುಣ್ಣಿಮೆ ಚಂದ್ರನಷ್ಟು ಅಗಲ ಕಾಣುತ್ತದೆ, ದಪ್ಪ ಮಾತ್ರ ಬರೀ ಗೆರೆ. ದೂರ ಅರ್ಧವಾದಾಗಲೇ ಗಾತ್ರ ಇಮ್ಮಡಿ. ಹಾಗಾಗಿ ಅದು ದಿಢೀರನೆ ಹಿಗ್ಗುವುದು ಕೊನೆಯ ಎರಡು ಸೆಕೆಂಡಿನಲ್ಲಿ. ಆಕಾಶವನ್ನು ಹತ್ತು ಹತ್ತು ಡಿಗ್ರಿಯ ತುಂಡು ಮಾಡಿ, ಒಂದೊಂದರಲ್ಲೂ ಸೆಕೆಂಡಾದರೂ ಕಣ್ಣು ನಿಲ್ಲಿಸಿ ಎನ್ನುವುದು ಇದಕ್ಕೇ. ಸರ್ರನೆ ಕತ್ತು ತಿರುಗಿಸಿದವನು ಏನನ್ನೂ ನೋಡಿರುವುದಿಲ್ಲ.

ಟ್ಯಾಬ್ಲೆಟ್ ಪಂಥದವರು ನಗುತ್ತಾರೆ, ಸುತ್ತಲಿನ ವಿಮಾನಗಳನ್ನೆಲ್ಲ ಪರದೆಯೇ ತೋರಿಸುತ್ತದಲ್ಲ ಎಂದು. ಸಂಕೇತ ಕಳಿಸುವವರನ್ನು ತೋರಿಸುತ್ತದೆ ಸ್ವಾಮಿ. ಧೂಪದಾಳದ ಹಿನ್ನೀರಿಗೆ ಚಳಿಗಾಲದಲ್ಲಿ ಬರುವ ಕೊಕ್ಕರೆಗಳ ಹತ್ತಿರ ಟ್ರಾನ್ಸ್‌ಪಾಂಡರ್ ಇಲ್ಲ.

ವೂಲ್ಫ್‌ಗಾಂಗ್ ಲಾಂಗವೀಶ 1944ರ 'ಸ್ಟಿಕ್ ಅಂಡ್ ರಡರ್' ಪುಸ್ತಕದಲ್ಲಿ ಇಳಿಯುವುದನ್ನು ಕಲಿಸಿದ್ದೂ ಅಲುಗಾಡದ ಚುಕ್ಕೆಯಿಂದಲೇ: ಗಾಜಿನಲ್ಲಿ ಮೇಲಕ್ಕೂ ಹೋಗದ, ಕೆಳಕ್ಕೂ ಜಾರದ ಜಾಗವೇ ನೀವು ನೆಲ ಮುಟ್ಟಲಿರುವ ಜಾಗ. ಆ ಅಧ್ಯಾಯವನ್ನು ಎಷ್ಟು ಸಲ ತಿರುವಿ ಹಾಕಿದರೂ ನನಗೆ ಬೇಸರವಿಲ್ಲ. ಆದರೆ ಅಪಾಯ ಇರುವುದೂ ಅಲ್ಲೇ. ವಿದ್ಯಾರ್ಥಿಯ ಕಣ್ಣು ರನ್‌ವೇಯ ಆ ಒಂದು ಜಾಗಕ್ಕೆ ಅಂಟಿದಾಗ, ಅದೇ ಜಾಗಕ್ಕೆ ಇನ್ನೊಬ್ಬನ ಕಣ್ಣೂ ಅಂಟಿರಬಹುದು. 2025ರ ಜುಲೈ 8ರಂದು ಕೆನಡಾದ ಸ್ಟೈನ್‌ಬಾಕ್ ಬಳಿ, ಟೇಕಾಫ್-ಲ್ಯಾಂಡಿಂಗ್ ಅಭ್ಯಾಸದಲ್ಲಿದ್ದ ಎರಡು ಸೆಸ್ನಾಗಳು ರನ್‌ವೇಗೆ ಕೆಲವು ನೂರು ಮೀಟರ್ ಇರುವಾಗ ಡಿಕ್ಕಿಯಾದವು. ತೀರಿಹೋದ ಇಬ್ಬರು ವಿದ್ಯಾರ್ಥಿಗಳಲ್ಲಿ ಒಬ್ಬ ಕೇರಳದವನು. ರೇಡಿಯೋ ಎರಡರಲ್ಲೂ ಇತ್ತು.

ಸೆಸ್ನಾದ ರೆಕ್ಕೆ ತಲೆಯ ಮೇಲಿರುತ್ತದೆ. ಮೇಲಿನಿಂದ ಇಳಿಯುವವನು ಅದರಡಿ ಕೂತವನಿಗೆ ಕಾಣುವುದಿಲ್ಲ. ಪೈಪರಿನಂಥದ್ದರಲ್ಲಿ ರೆಕ್ಕೆ ಕೆಳಗೆ; ಅದರ ಕೆಳಗೆ ಸೆಸ್ನಾ ಬಂದರೆ ಇಬ್ಬರೂ ಕುರುಡರು. ಕೊನೆಯ ತಿರುವಿಗೆ ಮುಂಚೆ ರೆಕ್ಕೆಯನ್ನೊಮ್ಮೆ ಎತ್ತಿ, ರನ್‌ವೇಗೆ ನೇರವಾಗಿ ಇಳಿಯುವ ದಾರಿಯ (ಫೈನಲ್) ಉದ್ದಕ್ಕೂ ಕಣ್ಣು ಹಾಯಿಸುವ ಅಭ್ಯಾಸ ಹಳೆಯ ಬೋಧಕರದ್ದು. ಪರದೆಗೆ ಬಟ್ಟೆ ಮುಚ್ಚಿ ಒಂದಷ್ಟು ಸುತ್ತು ಹಾರಿಸಿದ ಮೇಲೆಯೇ ಸೋಲೋಗೆ ಬಿಡುವವರೂ ಇದ್ದಾರೆ. ನಮ್ಮ ಮನೆಯ ಹುಡುಗಿ ಹಾರಲು ಕಲಿಯುತ್ತೇನೆಂದರೆ ನಾನು ಕಳಿಸುವುದು ಅಂಥವರ ಹತ್ತಿರ.