ಹೊಸ ಟೈರಿಗೆ ಒಂದು ವಾರ ಕೊಡಿ

ಈ ವಾರ ಗಾಳಿಯ ಒತ್ತಡದ ಲೆಕ್ಕ ಬರೆಯುತ್ತೇನೆ ಎಂದಿದ್ದೆ. ಆದರೆ ಟ್ರ್ಯಾಕ್ ಡೇ ಹತ್ತಿರವಾದಂತೆ ಗದಗ-ಬೆಟಗೇರಿಯ ಹುಡುಗರು ಕೇಳುವ ಪ್ರಶ್ನೆ ಒಂದೇ: "ಸರ್, ಹೊಸಾ ಟೈರ್ ಹಾಕ್ಸೇವ್ರಿ, ಸೀದಾ ಟ್ರ್ಯಾಕಿಗೆ ಇಳಿಸಬಹುದೇನ್ರಿ?" ಇಳಿಸಬೇಡಿ. ಗಾಳಿಯ ಲೆಕ್ಕ ಮುಂದಿನ ವಾರಕ್ಕಿರಲಿ.

ಅಚ್ಚಿನಿಂದ ಹೊರಬಂದ ಟೈರಿನ ಮೈ ನುಣುಪಾಗಿರುತ್ತದೆ. ಆ ಹೊಳಪು ಸವೆದು ಮೈ ಒರಟಾಗುವವರೆಗೆ ಡಾಂಬರಿನ ಮೇಲೆ ಪೂರ್ತಿ ಹಿಡಿತ ಸಿಗುವುದಿಲ್ಲ. ಕೂರಿಸುವಾಗ ಅಂಚಿಗೆ ಹಚ್ಚಿದ ಸೋಪಿನ ನೀರು ಒಣಗುವ ಮೊದಲೇ ಜೋರಾಗಿ ಬ್ರೇಕ್ ಒತ್ತಿದರೆ ಟೈರು ರಿಮ್ಮಿನ ಮೇಲೆಯೇ ಜಾರೀತು. ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ನಡು ಸವೆದು ಚಪ್ಪಟೆಯಾಗಿದ್ದ ಹಳೆಯ ಟೈರಿನ ಜಾಗಕ್ಕೆ ಗುಂಡನೆಯ ಹೊಸ ಟೈರು ಬಂದಾಗ ಬೈಕು ತಿರುವಿನಲ್ಲಿ ನಿಮ್ಮ ಅಂದಾಜಿಗಿಂತ ಬೇಗ ವಾಲುತ್ತದೆ. ಹಾಗಾಗಿ ಪಳಗಬೇಕಾದದ್ದು ಟೈರು ಮಾತ್ರವಲ್ಲ, ಸವಾರನ ಕೈಯೂ ಹೌದು.

ಇಲ್ಲೇ ಪೆಟ್ರೋಲ್ ಪಂಥದವರ ಜೊತೆ ನನ್ನ ಹಳೆಯ ಜಗಳ. ಹೊಸ ಟೈರನ್ನು ಪೆಟ್ರೋಲಿನಲ್ಲಿ ಒರೆಸು, ಸ್ಯಾಂಡ್ ಪೇಪರ್ ಹಾಕಿ ಉಜ್ಜು, ಅರ್ಧ ಗಂಟೆಯಲ್ಲಿ ಕೆಲಸ ಮುಗೀತು ಎನ್ನುತ್ತಾರೆ. ಪೆಟ್ರೋಲು ರಬ್ಬರಿಗೆ ಶತ್ರು. ಅದರೊಳಗಿನ ಎಣ್ಣೆ, ಮೇಣದ ಅಂಶಗಳನ್ನೇ ಅದು ಎಳೆದು ತೆಗೆಯುತ್ತದೆ. ಸ್ಯಾಂಡ್ ಪೇಪರ್ ಹೊಳಪು ತೆಗೆದೀತು, ಆದರೆ ಒಳಗಿನ ಪದರಗಳನ್ನು ಬಗ್ಗಿಸಿ ಬಿಸಿ ಮಾಡಲಾರದು. ರಸ್ತೆಯ ಮೇಲೆ ಹಾವಿನಂತೆ ಎಡಕ್ಕೂ ಬಲಕ್ಕೂ ಹೊರಳಾಡುತ್ತ ಟೈರು ಕಾಯಿಸುವವರೂ ಇದ್ದಾರೆ. ಹಂತಹಂತವಾಗಿ ವೇಗ ಏರಿಸಿ, ಮೆಲ್ಲಗೆ ಬ್ರೇಕ್ ಒತ್ತಿದರೆ ಅದಕ್ಕಿಂತ ಹೆಚ್ಚು ಶಾಖ ಹುಟ್ಟುತ್ತದೆ, ಅಪಾಯವೂ ಕಡಿಮೆ.

ಇನ್ನೊಂದು ಭ್ರಮೆ ಹೆದ್ದಾರಿಯದು. ನಮ್ಮವರು ಟ್ರ್ಯಾಕ್ ಹುಡುಕಿಕೊಂಡು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಬೇಕು, ಇಲ್ಲವೇ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೆ. ಕರಿ 2.1 ಕಿಲೋಮೀಟರಿನ ಸುತ್ತು, ಚೆನ್ನೈನದು ಸುಮಾರು 3.7. ಅಷ್ಟು ದೂರ ಓಡಿಸಿಕೊಂಡು ಹೋದರೆ ದಾರಿಯಲ್ಲೇ ಟೈರು ಪಳಗುತ್ತದಲ್ಲ ಎಂಬ ವಾದವನ್ನು ಎಷ್ಟೋ ಸಲ ಕೇಳಿದ್ದೇನೆ. ನೇರ ರಸ್ತೆಯಲ್ಲಿ ಪಳಗುವುದು ಟೈರಿನ ನಡುಭಾಗ. ಟ್ರ್ಯಾಕಿನಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಬೇಕಾದ ಎರಡೂ ಪಕ್ಕಗಳು ಅಂಗಡಿಯಿಂದ ಬಂದಂತೆಯೇ ಮಿರುಗುತ್ತಿರುತ್ತವೆ.

ರಸ್ತೆಯ ಟೈರಿಗೆ ಮೊದಲ 160 ಕಿಲೋಮೀಟರ್ ಮೆಲ್ಲಗೆ ಓಡಿಸಬೇಕೆಂಬುದು ಸಾಮಾನ್ಯ ಸಲಹೆ. ನಮ್ಮ ಜಿಲ್ಲೆಯ ನಕ್ಷೆಯಲ್ಲಿ ಆ ಲೆಕ್ಕ ಚೊಕ್ಕಟವಾಗಿ ಕೂಡುತ್ತದೆ. ಗದಗದಿಂದ ಲಕ್ಷ್ಮೇಶ್ವರ ಸುಮಾರು 40 ಕಿಲೋಮೀಟರ್, ಮುಂಡರಗಿಯೂ ಹೆಚ್ಚುಕಡಿಮೆ ಅಷ್ಟೇ. ಮೊದಲ ದಿನ ಲಕ್ಷ್ಮೇಶ್ವರಕ್ಕೆ ಹೋಗಿ ಬನ್ನಿ, ಹೆಚ್ಚು ವಾಲಿಸಬೇಡಿ. ಎರಡನೆಯ ದಿನ ಡಂಬಳದ ಮೇಲೆ ಮುಂಡರಗಿಗೆ ಹೋಗಿ ಬನ್ನಿ. ಕಪ್ಪತಗುಡ್ಡದ ಮಗ್ಗುಲಿನ ತಿರುವುಗಳಲ್ಲಿ ಪ್ರತಿ ಸಲ ಒಂದಿಷ್ಟು ಹೆಚ್ಚು ವಾಲಿಸಿ, ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ. ಆ ಗುಡ್ಡ 2019ರಿಂದ ವನ್ಯಜೀವಿ ಧಾಮ. ಅಲ್ಲಿ ಸದ್ದು, ವೇಗ ಎರಡೂ ಸಲ್ಲದು. ಟೈರು ಪಳಗಿಸಲು ವೇಗ ಬೇಕಾಗಿಯೂ ಇಲ್ಲ.

ಋತು ನೋಡಿ ಹೊರಡಿ. ಹೆಸರು ಕಟಾವಿನ ಹೊತ್ತಿಗೆ ನಮ್ಮ ರಸ್ತೆಗಳೇ ಕಣವಾಗುತ್ತವೆ. ಹಾಸಿದ ಬಳ್ಳಿ, ಹೊಟ್ಟಿನ ಮೇಲೆ ಹಳೆಯ ಟೈರೇ ನಿಲ್ಲದು. ಮಳೆ ಬಿದ್ದ ಮರುದಿನ ಟ್ರ್ಯಾಕ್ಟರುಗಳು ಎರೆಹೊಲದಿಂದ ಹೊತ್ತು ತರುವ ಮಣ್ಣು ಅದಕ್ಕಿಂತ ಕೆಟ್ಟದ್ದು. ರೈತನ ಮೇಲೆ ಸಿಟ್ಟಾಗಬೇಡಿ, ಅದು ಅವನ ದುಡಿಮೆಯ ಕಾಲ. ನೀವು ಬೇರೆ ದಿನ ಆರಿಸಿಕೊಳ್ಳಿ.

ಇಷ್ಟೆಲ್ಲ ತಾಳ್ಮೆ ಯಾಕೆ ಎಂಬುದಕ್ಕೆ ನನಗೆ ತೃಪ್ತಿಯಾಗುವ ಉತ್ತರ ಸಿಕ್ಕಿದ್ದು ಕೀತ್ ಕೋಡ್ 1983ರಲ್ಲಿ ಬರೆದ 'ಎ ಟ್ವಿಸ್ಟ್ ಆಫ್ ದಿ ರಿಸ್ಟ್' ಪುಸ್ತಕದಲ್ಲಿ. ಸವಾರನ ಗಮನವೆಂಬುದು ಹತ್ತು ಡಾಲರಿನ ನೋಟು ಎನ್ನುತ್ತಾನೆ ಆತ. ಯಾವುದಕ್ಕೆ ಗಮನ ಕೊಟ್ಟರೂ ಅದರಲ್ಲಿ ಒಂದಿಷ್ಟು ಖರ್ಚು. ಹೊಸದಾಗಿ ಕಲಿಯುವವನಿಗೆ ಕ್ಲಚ್, ಗೇರುಗಳಿಗೇ ಬಹುಪಾಲು ಕರಗುತ್ತದೆ. ಕೆಲಸ ಕೈಗೆ ಒಗ್ಗಿದಂತೆ ಆ ದುಡ್ಡು ಉಳಿದು, ಮುಂದಿನ ತಿರುವಿಗೆ ಒದಗುತ್ತದೆ. ಬೈಕ್ ಓಡಿಸುವ ವಿದ್ಯೆಯನ್ನು ಇಷ್ಟು ಸರಳವಾಗಿ ಹೇಳಿಕೊಟ್ಟ ಇನ್ನೊಂದು ಪುಸ್ತಕವನ್ನು ನಾನು ಓದಿಲ್ಲ. ಪಳಗದ ಟೈರು ಹಾಕಿಕೊಂಡು ಟ್ರ್ಯಾಕಿಗಿಳಿದವನ ಗಮನವೆಲ್ಲ "ಹಿಡಿಯುತ್ತೋ ಇಲ್ಲವೋ" ಎಂಬ ಅಂಜಿಕೆಗೇ ಖರ್ಚಾಗುತ್ತದೆ. ಬ್ರೇಕ್ ಎಲ್ಲಿ ಬಿಡಬೇಕು, ಕಣ್ಣು ಎಲ್ಲಿರಬೇಕು ಎಂದು ಕಲಿಯಲು ಹೋದವನ ಕೈಯಲ್ಲಿ ಆಗ ಉಳಿಯುವುದೇನು? ಪಳಗಿಸುವುದೆಂದರೆ ಆ ಗಮನವನ್ನು ಮುಂಚಿತವಾಗಿ ಉಳಿಸಿಡುವುದು.

ರೇಸಿನ ಮೃದು ರಬ್ಬರಿನ ಟೈರಾದರೆ ಇನ್ನೊಂದು ಮಾತಿದೆ. ಮೊದಲ ಸಲ ಹದವಾಗಿ ಕಾಯಿಸಿ, ಒಂದು ಇಡೀ ದಿನ ಆರಲು ಬಿಡುವ ಪದ್ಧತಿ ಉಂಟು. ಗಂಧಕ ಬೆಸೆದ ರಬ್ಬರಿನ ಎಳೆಗಳಲ್ಲಿ ದುರ್ಬಲವಾದವು ಆ ಶಾಖಕ್ಕೆ ಬಿಟ್ಟು, ವಿಶ್ರಾಂತಿಯಲ್ಲಿ ಮತ್ತೆ ಸಮನಾಗಿ ಕೂಡಿಕೊಳ್ಳುತ್ತವೆ. ಕಾಯಿಸಿದ ದಿನವೇ ಚಚ್ಚಿದರೆ ಟೈರಿನ ಆಯುಸ್ಸು ಕುಗ್ಗುತ್ತದೆ.

ಆದ್ದರಿಂದ ಟ್ರ್ಯಾಕ್ ಡೇಗೆ ಕನಿಷ್ಠ ಒಂದು ವಾರ ಮೊದಲೇ ಟೈರು ಬದಲಿಸಿ. ಕೊಳ್ಳುವಾಗ ಪಕ್ಕದ ಗೋಡೆಯ ನಾಲ್ಕು ಅಂಕಿ ಓದಿ: 2324 ಎಂದಿದ್ದರೆ 2024ರ 23ನೆಯ ವಾರದಲ್ಲಿ ತಯಾರಾದದ್ದು. ಆ ಒಂದು ವಾರ ಕೈಯಲ್ಲಿಲ್ಲವೆಂದರೆ, ಹಳೆಯ ಟೈರಿನಲ್ಲಿ ಜೀವ ಉಳಿದಿದ್ದರೆ ಅದರಲ್ಲೇ ಹೋಗಿ. ಅದರ ಗುಣ ನಿಮಗೆ ಗೊತ್ತು. ಗೊತ್ತಿರುವ ಹಿಡಿತ ಸ್ವಲ್ಪ ಕಡಿಮೆಯಿದ್ದರೂ, ಗೊತ್ತಿಲ್ಲದ ಹಿಡಿತಕ್ಕಿಂತ ಹೆಚ್ಚು ಕಲಿಸುತ್ತದೆ.