ಕೇಳಿದರೆ ಮಾತ್ರ ಒಪ್ಪುವ ಕರ್ನಲ್

ಬೇಗೂರು ರಸ್ತೆಯಲ್ಲಿ ಮುಂದೆ ಜಾಮ್ ಆಗ್ತಿದೆ ಅಂತ ಹೊಂಗಸಂದ್ರದಲ್ಲೇ ಗೊತ್ತಾದ್ರೆ ಗಾಡಿ ನಿಧಾನ ಮಾಡಬಹುದು. ನೆಟ್‌ವರ್ಕಿಗೆ ಇಂಥದೇ ಉಪಾಯವನ್ನು 1988ರಲ್ಲಿ ಮಂಡಿಸಿದವರು ನಮ್ಮ ಐಐಎಸ್‌ಸಿಯಲ್ಲಿ ಓದಿದ ರಾಜ್ ಜೈನ್ ಮತ್ತು ಕೆ. ಕೆ. ರಾಮಕೃಷ್ಣನ್. ಅದೇ ಜಾಡಿನಲ್ಲಿ 2001ರಲ್ಲಿ ಇಸಿಎನ್ ಬಂತು: ರೂಟರ್ ಪ್ಯಾಕೆಟ್ಟನ್ನು ಬಿಸಾಡದೆ ಗುರುತು ಹಾಕುತ್ತೆ, ಪಡೆದವನು ಅದನ್ನು ವಾಪಸ್ ತಿಳಿಸ್ತಾನೆ, ಕಳಿಸುವವನು ವೇಗ ಇಳಿಸ್ತಾನೆ.

ಲಿನಕ್ಸ್ ಕರ್ನಲ್‌ನ ಟಿಸಿಪಿಯಲ್ಲಿ ಇದಷ್ಟೂ ಇದೆ. ಆದರೆ ಡೀಫಾಲ್ಟ್ ಸೆಟ್ಟಿಂಗ್ 2: ಎದುರಿನವರು ಕೇಳಿದರೆ ಒಪ್ಪು, ನೀನಾಗಿ ಕೇಳಬೇಡ. ಎರಡೂ ಕಡೆ ಇದೇ ಸೆಟ್ಟಿಂಗ್ ಇದ್ದರೆ? ‘ನೀವು ಮೊದಲು’ ಅಂತ ಇಬ್ಬರೂ ಸುಮ್ಮನಿರ್ತಾರೆ!

ಹಳೆಯ ಕೆಲವು ಫೈರ್‌ವಾಲ್‌ಗಳು ಈ ಕೋರಿಕೆಯನ್ನೇ ನುಂಗ್ತಿದ್ದವು, ಒಪ್ಪೋಣ. ಆದರೆ ಉತ್ತರ ಬರದಿದ್ದರೆ ಇಸಿಎನ್ ಬಿಟ್ಟು ಮತ್ತೆ ಯತ್ನಿಸುವ ಕೋಡ್ 2015ರಿಂದ ಕರ್ನಲ್‌ನಲ್ಲೇ ಇದೆಯಲ್ಲ, ಇನ್ನೂ ಯಾಕೆ ಹಿಂಜರಿಕೆ?